ದುರ್ಗದ ಪ್ರಾಣ

ಮಹಾರಾಷ್ಟ್ರರು ಗಿರಿದುರ್ಗ ಜಲದುರ್ಗಗಳ ಬಲದಿಂದ ರಾಜ್ಯವನ್ನು ಬೆಳೆಸಿದರೆಂಬುದು ಪ್ರಸಿದ್ಧವಾದುದು. ಶಿವಾಜಿ ಮಹಾರಾಜನು 1664ರಲ್ಲಿ ಮಾಲವಣದ ಬಳಿ ಸಮುದ್ರಮಧ್ಯದಲ್ಲಿ ಸಿಂಧುದುರ್ಗವನ್ನು ಕಟ್ಟಿಸಲಾರಂಭಿಸಿದನು. ಸುತ್ತಲೂ ಉಪ್ಪುನೀರಿದ್ದರೂ ಆ ಕೋಟೆಯೊಳಗೆ ಸಿಹಿನೀರಿನ ಬಾವಿಗಳುಂಟು. ಇದೇ ಅದರ ಪ್ರಾಣವು.

ಇಂತಹ ಮಹಾರಾಷ್ಟ್ರ ದುರ್ಗಗಳಲ್ಲೊಂದಾದ ಗುತ್ತಿಗೂ ಚಿಕ್ಕಬಳ್ಳಾಪುರದ ಸೀಮೆಗೂ ಒಮ್ಮೆ ನಂಟು ಬೆಳೆಯಿತು. ಸುಮಾರು 1762ರಲ್ಲಿ ಹೈದರಾಲಿಯು ಚಿಕ್ಕಬಳ್ಳಾಪುರವನ್ನು ಮುತ್ತಲು, ಅಲ್ಲಿಯ ಪಾಳೆಯಗಾರನು ಹಣ ತೆರುವುದಾಗಿ ಮಾತುಕೊಟ್ಟು ಸಂಧಿಮಾಡಿಕೊಂಡನು. ಹೈದರನ ದಂಡು ಹಿಂದೆಗೆದೊಡನೆಯೇ ಆತನು ಗುತ್ತಿಯ ಮುರಾರಿರಾವ್ ಘೋರ್ಪಡೆಯ ಸೈನ್ಯವನ್ನು ಬರಮಾಡಿಕೊಂಡು, ಪಟ್ಟಣವನ್ನು ಅವರಿಗೊಪ್ಪಿಸಿ, ತಾನು ನಂದಿದುರ್ಗವನ್ನೇರಿದನು. ಕೊಟ್ಟ ಮಾತು ಮುರಿಯಿತು. ಹೈದರನು ಮರಳಿ ಬಂದು ಪಟ್ಟಣವನ್ನೂ ದುರ್ಗವನ್ನೂ ವಶಪಡಿಸಿಕೊಂಡನು. 4,851 ಅಡಿ ಎತ್ತರದ ನಂದಿಯ ನೆತ್ತಿಯ ಮೇಲೆ ಬುಗ್ಗೆಯ ನೀರಿನಿಂದ ತುಂಬುವ ಅಮೃತಸರೋವರವುಂಟು; ಆದರೂ ಅದು ಪಾಳೆಯಗಾರನನ್ನು ಉಳಿಸಲಿಲ್ಲ.

ಮುರಾರಿರಾಯನ ಗುತ್ತಿಗೂ ಅದೇ ಗತಿಯಾಯಿತು. 1776ರಲ್ಲಿ ಹೈದರನ ಮುತ್ತಿಗೆಯು ಬಹುಕಾಲ ನಡೆದು, ಬೆಟ್ಟದ ಮೇಲಣ ನೀರು ತೀರುತ್ತ ಬರಲಾಗಿ, ಆ ವೀರನು ಶರಣಾಗತನಾದನು. ಗೋಡೆಯನ್ನು ಫಿರಂಗಿಯು ಗೆಲ್ಲಲಿಲ್ಲ, ಬಾಯಾರಿಕೆಯು ಗೆದ್ದಿತು.

ಆದಕಾರಣ ದುರ್ಗವು ಕಲ್ಲಿನಿಂದ ಏಳುವುದು, ನೀರಿನಿಂದ ಬದುಕುವುದು, ನಂಬಿಕೆಯಿಂದ ಉಳಿಯುವುದು ಎಂದು ತಿಳಿಯತಕ್ಕದ್ದು.