ಅಯ್ನೋರು, ಮೇಷ್ಟ್ರು, ಸಾರ್: ನಮ್ಮ ಕಡೆ ಗುರುವನ್ನು ಕರೆದ ಕಥೆ

ನಂಜನಗೂಡು, ತಿ. ನರಸೀಪುರ ಕಡೆಯ ಶಾಲೆಗಳಲ್ಲಿ ಈಗ ಹೆಚ್ಚಾಗಿ ಕೇಳುವುದು ‘ಸಾರ್’, ‘ಮಿಸ್’. ಅದೇ ಮಕ್ಕಳ ಅಜ್ಜಂದಿರನ್ನು ಮಾತಾಡಿಸಿದರೆ ‘ನಮ್ಮ ಮೇಷ್ಟ್ರು’ ಅನ್ನುತ್ತಾರೆ. ಅವರಿಗಿಂತ ಹಿಂದಿನವರ ಬಾಯಲ್ಲಿ ಇದ್ದದ್ದು ‘ಅಯ್ನೋರು’. ಮೂರರಲ್ಲೂ ಮರ್ಯಾದೆ ಇದೆ. ಆದರೆ ಯಾವುದಕ್ಕೆ ಕೊಟ್ಟ ಮರ್ಯಾದೆ ಎಂಬುದು ಬದಲಾಗಿದೆ. ಅದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸರ್ಕಾರಿ ಶಾಲೆ ಬರುವ ಮೊದಲು ಹಳೇ ಮೈಸೂರಿನ ಹಳ್ಳಿಗಳಲ್ಲಿ ಇದ್ದದ್ದು ಕೂಲಿಮಠ. ಜಗಲಿಯಲ್ಲೋ ದೇವಸ್ಥಾನದಲ್ಲೋ ಪಾಠ. ಮಕ್ಕಳು ಮರಳಿನ ಮೇಲೆ ಬೆರಳಿಂದ ಅಕ್ಷರ ತಿದ್ದುತ್ತಿದ್ದರು. ಪಾಠ ಹೇಳುವವರಿಗೆ ಮಕ್ಕಳ ಮನೆಯವರು ಕೊಟ್ಟ ದವಸ, ಕಾಸೇ ಸಂಬಳ. ಮಾರ್ನಮಿ ಬಂದರೆ ಹುಡುಗರನ್ನು ಕಟ್ಟಿಕೊಂಡು ಮನೆ ಮನೆ ಮುಂದೆ ಚೌಪದ ಹೇಳಿಸುತ್ತಿದ್ದರು. ಊರಿನವರು ಕೊಟ್ಟ ಕಾಣಿಕೆ ಗುರುವಿಗೆ ಸೇರುತ್ತಿತ್ತು.

ಆಗಿನ ಕರೆಯುವ ಮಾತುಗಳನ್ನು ಗಮನಿಸಿ. ಅಯ್ನೋರು ಅಂದರೆ ಜಂಗಮರು ಅಂತಲೂ ಅರ್ಥ. ಶಾಸ್ತ್ರಿಗಳು, ಜೋಯಿಸರು ಅಂದರೆ ಬ್ರಾಹ್ಮಣರು. ತಿ. ನರಸೀಪುರ ತಾಲ್ಲೂಕಿನ ಸೋಸಲೆ ಹೆಸರು ಹೊತ್ತ ಅಯ್ಯಾಶಾಸ್ತ್ರಿಗಳು ನಾಲ್ವಡಿ ಕೃಷ್ಣರಾಜ ಒಡೆಯರಿಗೇ ಪಾಠ ಹೇಳಿದವರು. ಅವರ ವಿದ್ವತ್ತು ದೊಡ್ಡದು, ಅನುಮಾನವಿಲ್ಲ. ಆದರೆ ಆ ಕಾಲದ ಕರೆಯಲ್ಲಿ ವಿದ್ಯೆಯ ಜೊತೆಗೆ ಜಾತಿಯೂ ಇರುತ್ತಿತ್ತು.

ಕೂಲಿಮಠದ ಹೊರಗೆ ಉಳಿದವರ ಬಾಯಲ್ಲಿ ಇನ್ನೊಂದು ಮಾತಿತ್ತು: ‘ಬುದ್ಧಿ’. ನಮ್ಮ ಕಡೆ ಸ್ವಾಮಿಗಳಿಗೂ ಬುದ್ಧಿ, ಜಮೀನುದಾರರಿಗೂ ಬುದ್ಧಿ. ಕೇರಿಯವರು ದೂರ ನಿಂತು ಕೈಮುಗಿದು ‘ಬುದ್ಧೀ’ ಅನ್ನಬೇಕಿತ್ತು. ವಿದ್ಯೆ ಕಲಿಯಲು ಬಿಡದೆ, ‘ಬುದ್ಧಿ’ ಅಂತ ಕರೆಯಿರಿ ಅನ್ನುವುದು ಎಂಥ ನ್ಯಾಯ!

1857ರಲ್ಲಿ ಮೈಸೂರು ಸೀಮೆಗೆ ವಿದ್ಯಾ ಇಲಾಖೆ ಬಂತು. 1868ರಲ್ಲಿ ಬಿ. ಎಲ್. ರೈಸ್ ಅವರ ಹೋಬಳಿ ಶಾಲೆಗಳ ಯೋಜನೆ ಶುರುವಾಯಿತು. ಸರ್ಕಾರಿ ಸಂಬಳದ ಗುರುಗಳು ಹಳ್ಳಿಗೆ ಬಂದರು. ಇಂಗ್ಲಿಷಿನ ‘ಮಾಸ್ಟರ್’ ನಮ್ಮವರ ಬಾಯಲ್ಲಿ ‘ಮೇಷ್ಟ್ರು’ ಆಯಿತು. ಇದು ಕೆಲಸದ ಹೆಸರು, ಜಾತಿಯ ಹೆಸರಲ್ಲ. ಯಾರು ಕಲಿಸಿದರೂ ಅವರು ಮೇಷ್ಟ್ರೇ.

ಹಾಗಂತ ಬಾಗಿಲು ತಾನಾಗಿ ತೆರೆಯಲಿಲ್ಲ. ದಲಿತ ಮಕ್ಕಳನ್ನೂ ಸರ್ಕಾರಿ ಶಾಲೆಗಳಿಗೆ ಸೇರಿಸಿಕೊಳ್ಳಬೇಕೆಂದು ಮೈಸೂರು ಸರ್ಕಾರ ಆದೇಶ ಮಾಡಿದ್ದು 1915ರಲ್ಲಿ. ಅದಕ್ಕೆ ವಿರೋಧವೂ ಬಂತು. ಆದರೂ ಅಲ್ಲಿಂದ ಮುಂದೆ ಕೇರಿಯ ಮಗು ‘ಬುದ್ಧೀ’ ಬಿಟ್ಟು, ಉಳಿದ ಮಕ್ಕಳಂತೆ ‘ಮೇಷ್ಟ್ರೇ’ ಅನ್ನುವ ದಾರಿ ಆಯಿತು. ಮಾತು ಸಣ್ಣದು, ಬದಲಾವಣೆ ದೊಡ್ಡದು.

ಗುರುವಿನ ಮೇಲೆ ಪ್ರೀತಿ ಇದ್ದರೆ ಮರ್ಯಾದೆ ಹೇಗಿರುತ್ತದೆ ಎಂಬುದಕ್ಕೆ ಮೈಸೂರಲ್ಲೇ ಸಾಕ್ಷಿ ಇದೆ. ಸರ್ವೇಪಲ್ಲಿ ರಾಧಾಕೃಷ್ಣನ್ ಅವರು ಮಹಾರಾಜ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದರು. 1921ರಲ್ಲಿ ಕಲ್ಕತ್ತಾಕ್ಕೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಗಾಡಿಯಲ್ಲಿ ಅವರನ್ನು ಕೂರಿಸಿ, ತಾವೇ ರೈಲ್ವೆ ಸ್ಟೇಷನ್‌ವರೆಗೆ ಎಳೆದುಕೊಂಡು ಹೋದರು. ಹಾಗೆ ಮಾಡಿ ಎಂದು ಆದೇಶ ಹೊರಡಿಸಿ ಮಾಡಿಸುವ ಕೆಲಸವಲ್ಲ ಅದು. 1962ರಿಂದ ಅವರ ಹುಟ್ಟುಹಬ್ಬ, ಸೆಪ್ಟೆಂಬರ್ 5, ಶಿಕ್ಷಕರ ದಿನವಾಗಿದೆ.

ಈಗಲೂ ಈ ಚರ್ಚೆ ಮುಗಿದಿಲ್ಲ. ಗುಂಡ್ಲುಪೇಟೆ ದಾಟಿದರೆ ಸಿಗುವ ಕೇರಳದಲ್ಲಿ, 2023ರ ಜನವರಿಯಲ್ಲಿ, ಮಕ್ಕಳ ಹಕ್ಕುಗಳ ಆಯೋಗ ‘ಸರ್’, ‘ಮೇಡಂ’ ಬೇಡ, ಗಂಡಾಗಲಿ ಹೆಣ್ಣಾಗಲಿ ‘ಟೀಚರ್’ ಅನ್ನಿ ಎಂದು ಹೇಳಿತು. ಅದೂ ಕೆಲಸದ ಹೆಸರೇ. ಧಾರವಾಡದ ಕಡೆ ಹೆಣ್ಣುಮಕ್ಕಳು ಪಾಠ ಹೇಳಿದರೆ ‘ಅಕ್ಕೋರು’ ಅನ್ನುತ್ತಾರೆ. ಅದು ಮನೆಯ ಸಂಬಂಧದಿಂದ ಬಂದ ಕರೆ.

ನಮ್ಮನ್ನು ಕೇಳಿದರೆ, ಕನ್ನಡದಲ್ಲಿ ಮರ್ಯಾದೆ ಬರೀ ಕರೆಯಲ್ಲಿಲ್ಲ, ಕ್ರಿಯಾಪದದಲ್ಲಿದೆ. ಎದುರಿಗೆ ‘ಸಾರ್’ ಎಂದು, ಹಿಂದೆ ತಿರುಗಿ ‘ಬಂದ ನೋಡು’ ಅಂದರೆ ಅದು ಮರ್ಯಾದೆಯಲ್ಲ. ‘ಬಂದ್ರು’ ಅನ್ನುವ ಆ ‘ರು’ದಲ್ಲಿ ಎಲ್ಲ ಇದೆ. ವರದಿಗೆ ಹೋದ ಕಡೆ ನಾವು ಕಂಡಿದ್ದೇವೆ: ಒಬ್ಬ ಶಿಕ್ಷಕರಿಗೆ ‘ಬಂದ್ರು’, ಕೇರಿಯಿಂದ ಬಂದ ಶಿಕ್ಷಕರಿಗೆ ‘ಬಂದ’. ಕಾಯಂ ಶಿಕ್ಷಕರಿಗೆ ‘ಕೂತ್ಕೊಳ್ಳಿ’, ಅತಿಥಿ ಶಿಕ್ಷಕರಿಗೆ ‘ಕೂತ್ಕೊ’. ಮಕ್ಕಳು ಇದನ್ನು ಪುಸ್ತಕದಿಂದ ಕಲಿಯುವುದಿಲ್ಲ, ದೊಡ್ಡವರ ಬಾಯಿಂದ ಕಲಿಯುತ್ತಾರೆ.

ಮೇಷ್ಟ್ರು ಅನ್ನಲಿ, ಸಾರ್ ಅನ್ನಲಿ, ಮಿಸ್ ಅನ್ನಲಿ, ಅದು ಮಕ್ಕಳ ಇಷ್ಟ. ಜಗಲಿ ಕಟ್ಟೆಯಲ್ಲಿ ಕೂತ ನಾವು ಶಿಕ್ಷಕರ ಬಗ್ಗೆ ಮಾತಾಡುವಾಗ ‘ರು’ ಬಿಡದಿದ್ದರೆ, ಪಕ್ಕದಲ್ಲಿ ಆಡುವ ಮಗುವೂ ಬಿಡುವುದಿಲ್ಲ.