ಗಾಜಿನೊಳಗೊಂದು ಸಂಸಾರ

ಕಳೆದ ಯುಗಾದಿಗೆ ಮನೆಗೆ ಬಂದ ಬಂಧುಗಳು ಕಿಟಕಿಯ ಬಳಿಯ ಮುಚ್ಚಿದ ಜಾಡಿಯನ್ನು ಕಂಡು, "ಇದಕ್ಕೆ ನೀರು ಹಾಕುವವರು ಯಾರು?" ಎಂದು ಕೇಳಿದರು. ಯಾರೂ ಇಲ್ಲ. ಉಪ್ಪಿನಕಾಯಿ ಭರಣಿಯಷ್ಟು ದೊಡ್ಡ ಗಾಜಿನ ಜಾಡಿ. ಒಳಗೆ ಒಂದು ಜರೀಗಿಡ, ಸ್ವಲ್ಪ ಹಾವಸೆ, ನಾಲ್ಕು ಹಿಡಿ ಮಣ್ಣು. ಹದಿನಾಲ್ಕು ತಿಂಗಳಿಂದ ಮುಚ್ಚಳ ತೆಗೆದಿಲ್ಲ. ಪಕ್ಕದಲ್ಲೇ ಗಿಡ ನೆಟ್ಟ ಮೀನಿನ ತೊಟ್ಟಿ. ಅದರಲ್ಲಿರುವುದು ನೀರುಬ್ರಾಹ್ಮಿ ಎಂದೊಡನೆ ಹಿರಿಯರೊಬ್ಬರಿಗೆ ತಂಬುಳಿಯ ನೆನಪಾಯಿತು. ತಂಬುಳಿಯದು ಒಂದೆಲಗ, ಇದು ಬೇರೆ ಎಂದು ತಡೆಯಬೇಕಾಯಿತು! ಅಂದು ಅವರು ಕೇಳಿದ ಪ್ರಶ್ನೆಗಳಿಗೆ ಅರ್ಧಂಬರ್ಧ ಉತ್ತರ ಕೊಟ್ಟೆವು. ಉಳಿದದ್ದು ಇಲ್ಲಿದೆ.

ಈ ಜಾಡಿಯ ಹುಟ್ಟು ಲಂಡನ್ನಿನ ಹೊಗೆಯಲ್ಲಿ. ನಥಾನಿಯಲ್ ಬ್ಯಾಗ್‌ಷಾ ವಾರ್ಡ್ ಎಂಬ ವೈದ್ಯರು ಪೂರ್ವ ಲಂಡನ್ನಿನಲ್ಲಿದ್ದರು. ಜರೀಗಿಡ ಬೆಳೆಸುವ ಆಸೆ. ಆದರೆ ಕಲ್ಲಿದ್ದಲಿನ ಮಸಿಗೆ ಗಿಡಗಳೆಲ್ಲ ಸಾಯುತ್ತಿದ್ದವು. 1829ರಲ್ಲಿ ಅವರು ಪತಂಗವೊಂದರ ಕೋಶವನ್ನು ಒದ್ದೆ ಮಣ್ಣಿನಲ್ಲಿ ಹೂತು, ಸೀಸೆಯಲ್ಲಿಟ್ಟು ಮುಚ್ಚಿದರು. ಹಗಲು ಮಣ್ಣಿನಿಂದ ಆವಿಯೆದ್ದು, ಗಾಜಿಗೆ ತಾಗಿ ಹನಿಯಾಗಿ, ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಪತಂಗ ಹೊರಬರುವ ಮೊದಲೇ ಆ ಮಣ್ಣಿನಲ್ಲಿ ಒಂದು ಜರಿ, ಒಂದು ಹುಲ್ಲು ಮೊಳೆತವು. ಹೊರಗೆ ಬದುಕದ ಜರಿ ಸೀಸೆಯೊಳಗೆ ಸುಮಾರು ನಾಲ್ಕು ವರ್ಷ ಬದುಕಿತು. ಕೊನೆಗೆ ಮುಚ್ಚಳ ತುಕ್ಕು ಹಿಡಿದು ಮಳೆನೀರು ಇಳಿದು ಸತ್ತಿತು. 1833ರಲ್ಲಿ ಎರಡು ಗಾಜಿನ ಪೆಟ್ಟಿಗೆ ಗಿಡಗಳನ್ನು ಹಡಗಿನಲ್ಲಿ ಸಿಡ್ನಿಗೆ ಕಳುಹಿಸಿ, ಅವು ಜೀವಂತ ತಲುಪುವುದನ್ನೂ ತೋರಿಸಿದರು.

ಆ ಮೇಲೆ ಸಾಮ್ರಾಜ್ಯ ಸುಮ್ಮನಿರುವುದುಂಟೇ? ಚೀನಾದ ಚಹಾ ಸಸಿಗಳು ಹಿಮಾಲಯದ ತಪ್ಪಲಿಗೆ ಬಂದದ್ದು ಇಂಥ ಪೆಟ್ಟಿಗೆಗಳಲ್ಲಿ. ಕ್ಲೆಮೆಂಟ್ಸ್ ಮಾರ್ಕಮ್ 1860ರಲ್ಲಿ ದಕ್ಷಿಣ ಅಮೆರಿಕದಿಂದ ಊಟಿಗೆ ತಂದ ಸಿಂಕೋನ ಸಸಿಗಳು ಮಾತ್ರ ದಾರಿಯ ಸೆಕೆಗೆ ಸೊರಗಿ ಸತ್ತವು. 1845ರಲ್ಲಿ ಗಾಜಿನ ತೆರಿಗೆ ರದ್ದಾದದ್ದರಿಂದ ಇಂಗ್ಲೆಂಡಿನ ಮಧ್ಯಮ ವರ್ಗದ ಮನೆಗಳಿಗೂ ಈ ಪೆಟ್ಟಿಗೆ ಬಂತು.

ನೀರಿನ ತೊಟ್ಟಿಯ ಕಥೆ ನಮಗೆ ಇನ್ನೂ ಪ್ರಿಯ, ಏಕೆಂದರೆ ಅದು ನಮ್ಮ ಕಸುಬಿನವರದು. ರಾಬರ್ಟ್ ವಾರಿಂಗ್‌ಟನ್ ಲಂಡನ್ನಿನ ರಸಾಯನತಜ್ಞ. 1841ರಲ್ಲಿ ಅಲ್ಲಿ ಕೆಮಿಕಲ್ ಸೊಸೈಟಿ ಕಟ್ಟಲು ಓಡಾಡಿದವರು. 12 ಗ್ಯಾಲನ್ ಹಿಡಿಸುವ ಗಾಜಿನ ಪಾತ್ರೆಯಲ್ಲಿ ಅವರು ಎರಡು ಗೋಲ್ಡ್‌ಫಿಷ್ ಬಿಟ್ಟು, ಮರಳಿನಲ್ಲಿ ವ್ಯಾಲಿಸ್ನೇರಿಯ ಎಂಬ ನಾರಿನಂಥ ಎಲೆಯ ನೀರುಗಿಡ ನೆಟ್ಟರು. ಮೀನು ಬಿಟ್ಟ ಇಂಗಾಲಾಮ್ಲವನ್ನು ಗಿಡ ಹೀರುತ್ತದೆ, ಗಿಡ ಬಿಟ್ಟ ಆಮ್ಲಜನಕವನ್ನು ಮೀನು ಉಸಿರಾಡುತ್ತದೆ. ಲೆಕ್ಕ ಸರಿಹೋಯಿತು ಎಂದುಕೊಂಡರು. ಹೋಗಲಿಲ್ಲ. ಹಳೆಯ ಎಲೆಗಳು ಕೊಳೆತು ನೀರು ಕದಡಿತು, ಗಾಜಿನ ಮೇಲೆ ಪಾಚಿ ಕಟ್ಟಿತು. ಆಗ ಐದಾರು ನೀರ ಬಸವನಹುಳುಗಳನ್ನು ಬಿಟ್ಟರು. ಹುಳುಗಳು ಕೊಳೆತದ್ದನ್ನು ತಿಂದವು, ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು, ನೀರು ತಿಳಿಯಾಯಿತು. 1850ರಲ್ಲಿ ಇದನ್ನು ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯವೇ ತೆರೆಯಿತು.

ಲೆಕ್ಕ ಆಗಲೂ ಪೂರ್ತಿಯಾಗಿರಲಿಲ್ಲ. ಅದನ್ನು ಮುಂದುವರಿಸಿದವರು ಅವರ ಮಗ. ಹೆಸರು ಅದೇ, ಕಸುಬೂ ಅದೇ. ಲೆಸ್ಟರಿನಿಂದ ಲಂಡನ್ನಿಗೆ ಹೋಗುವ ರೈಲು ಹಾದುಹೋಗುವ ಹಾರ್ಪೆಂಡೆನ್ ಊರಿನಲ್ಲಿ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರವಿದೆ. ಅಲ್ಲಿ 1870ರ ದಶಕದ ಕೊನೆಯಿಂದ ಕಿರಿಯ ವಾರಿಂಗ್‌ಟನ್ ಮಣ್ಣಿನಲ್ಲಿ ಅಮೋನಿಯ ನೈಟ್ರೇಟ್ ಆಗುವ ಬಗೆಯನ್ನು ಹುಡುಕುತ್ತ ಕುಳಿತರು. ಅದು ಎರಡು ಹಂತದ ಕೆಲಸ, ಒಂದೊಂದಕ್ಕೂ ಬೇರೆ ಸೂಕ್ಷ್ಮಜೀವಿ ಎಂದು ತೋರಿಸಿದರು. ಮೊದಲ ಜೀವಿ ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ಎರಡನೆಯದು ಅದನ್ನು ನೈಟ್ರೇಟ್ ಮಾಡುತ್ತದೆ. ಆ ಜೀವಿಗಳನ್ನು ಬೇರ್ಪಡಿಸಿ ಬೆಳೆಸಿದ ಕೀರ್ತಿ ಮಾತ್ರ 1890ರ ಸುಮಾರಿಗೆ ರಷ್ಯದ ವಿನೊಗ್ರಾಡ್‌ಸ್ಕಿಯವರ ಪಾಲಾಯಿತು. ತಂದೆಯ ತೊಟ್ಟಿಯನ್ನು ಹುಳುಗಳ ಜೊತೆ ಕಣ್ಣಿಗೆ ಕಾಣದೆ ಕಾಯುತ್ತಿದ್ದವು ಇಂಥ ಜೀವಿಗಳೇ.

ಇಷ್ಟೆಲ್ಲ ತಿಳಿದ ನಾವು ಮಾಡಿದ್ದೇನು? ತೊಟ್ಟಿ ತಂದ ದಿನವೇ ಆರು ಮೀನು ಬಿಟ್ಟೆವು. ಆ ಸೂಕ್ಷ್ಮಜೀವಿಗಳು ಬೇಕಾದಷ್ಟು ಬೆಳೆಯಲು ನಾಲ್ಕಾರು ವಾರವಾದರೂ ಬೇಕು. ಎರಡನೆಯ ವಾರಕ್ಕೆ ನೀರಿನ ಅಮೋನಿಯಕ್ಕೆ ಆರೂ ಸತ್ತವು. ಡಾಕ್ಟರೇಟು ಗೋಡೆಯ ಮೇಲೆ ನೇತಾಡುತ್ತಿತ್ತು. ಮಗಳು ಎರಡು ದಿನ ನಮ್ಮೊಡನೆ ಮಾತಾಡಲಿಲ್ಲ.

ಎರಡನೆಯ ಸಲ ಎರಡು ತಿಂಗಳು ಗಿಡಗಳನ್ನಷ್ಟೇ ಬೆಳೆಸಿ, ನೀರನ್ನು ಪರೀಕ್ಷಿಸಿ, ಆಮೇಲೆ ಮೀನಿನಂಗಡಿಗೆ ಹೋದೆವು. ಅಲ್ಲಿ ಮೂತಿಯಿಂದ ಕೆಂಪುಗೆರೆ, ಅದರ ಕೆಳಗೆ ಕಪ್ಪುಪಟ್ಟಿ ಎಳೆದ ಚೆಲುವಾದ ಮೀನುಗಳಿದ್ದವು. ಹೆಸರು ಡೆನಿಸನ್ ಬಾರ್ಬ್. ಫ್ರಾನ್ಸಿಸ್ ಡೇ 1865ರಲ್ಲಿ ವರ್ಣಿಸಿ, ಆಗಿನ ಮದರಾಸಿನ ಗವರ್ನರ್ ವಿಲಿಯಂ ಡೆನಿಸನ್ನರ ಹೆಸರಿಟ್ಟ ಮೀನು. ಇದರ ತವರು ಪಶ್ಚಿಮ ಘಟ್ಟದ ಕೆಲವೇ ಹೊಳೆಗಳು. ಕಾಸರಗೋಡಿನ ಬಳಿ ಸಮುದ್ರ ಸೇರುವ ಚಂದ್ರಗಿರಿ ಅವುಗಳಲ್ಲೊಂದು; ಸುಳ್ಯದವರಿಗೆ ಪಯಸ್ವಿನಿಯಾಗಿ ಪರಿಚಿತವಾದ ಹೊಳೆ. ನಮ್ಮಿಬ್ಬರಲ್ಲೊಬ್ಬರು ಆ ಹೊಳೆಯಲ್ಲಿ ಈಜು ಕಲಿತವರು. ತಮ್ಮೂರ ಹೊಳೆಯ ಮೀನಿನ ಹೆಸರು ತಿಳಿಯಲು ಅವರು ಲೆಸ್ಟರಿಗೆ ಬರಬೇಕಾಯಿತು!

1990ರ ದಶಕದ ಕೊನೆಯಿಂದ ಹೊರದೇಶಗಳಲ್ಲಿ ಇದಕ್ಕೆ ಬೇಡಿಕೆ ಏರಿ, ಹೊಳೆಗಳಿಂದ ವಿಪರೀತ ಹಿಡಿದು, ಈಗದು ಅಳಿವಿನಂಚಿನ ಮೀನುಗಳ ಪಟ್ಟಿಯಲ್ಲಿದೆ. ಆಗ್ನೇಯ ಏಷ್ಯದ ಸಾಕಣೆ ಕೇಂದ್ರಗಳಲ್ಲಿ ಮರಿ ಮಾಡಿಸುವುದೂ ಉಂಟು. ಇವು ಹೊಳೆಯಲ್ಲಿ ಹಿಡಿದವೋ ಸಾಕಿದವೋ ಎಂದು ಕೇಳಿದೆವು, ಅಂಗಡಿಯವರಿಗೆ ಗೊತ್ತಿರಲಿಲ್ಲ. ಮಗಳು ಹಟ ಹಿಡಿದರೂ ಕೊಳ್ಳಲಿಲ್ಲ. ಸಾಕಿ ಬೆಳೆಸಿದ್ದೆಂದು ಖಾತ್ರಿಯಿದ್ದ ಜೀಬ್ರಾ ಡೇನಿಯೊ ಆರು ತಂದೆವು. ಅವೂ ಭಾರತದ ಕಡೆಯವೇ ಎಂದು ಸಮಾಧಾನ ಹೇಳಿದೆವು. ಮಗಳು ಒಪ್ಪಿದಂತೆ ಕಾಣಲಿಲ್ಲ.

ಇನ್ನೊಂದು ಮಾತು. ನಮ್ಮ ಸೋರ್ ನದಿಯಲ್ಲಿ ಒಂದೆಲಗದಂಥ ಎಲೆಯ ಬಳ್ಳಿಯೊಂದು ನೀರು ಮುಚ್ಚುವಂತೆ ಹಬ್ಬುತ್ತದೆ. ಅದು ಫ್ಲೋಟಿಂಗ್ ಪೆನ್ನಿವರ್ಟ್. ಅಮೆರಿಕದಿಂದ ಕೊಳ, ತೊಟ್ಟಿಗಳಿಗೆಂದು ತಂದು ಮಾರಿದ ಗಿಡ. 2014ರಿಂದ ಇಲ್ಲಿ ಇದರ ಮಾರಾಟಕ್ಕೆ ನಿಷೇಧವಿದೆ. ತೊಟ್ಟಿಯ ನೀರನ್ನಾಗಲಿ ಗಿಡವನ್ನಾಗಲಿ ಯಾರೂ ಕಾಲುವೆಗೆ ಸುರಿಯಬೇಡಿ. ಹೆಚ್ಚಾದ ಗಿಡವನ್ನು ಒಣಗಿಸಿ ಕಸದ ಬುಟ್ಟಿಗೆ ಹಾಕಿ.

ಜಾಡಿ ಮಾಡಬಯಸುವ ಮಕ್ಕಳಿಗೆ ಮುಂದಿನ ಕೂಟದಲ್ಲಿ ಹಾವಸೆ, ಜರಿಯ ಸಸಿ ಕೊಡುತ್ತೇವೆ. ಖಾಲಿ ಜಾಡಿಯನ್ನು ಉಪ್ಪಿನಕಾಯಿಯ ವಾಸನೆ ಹೋಗುವಂತೆ ತೊಳೆದು ತರುವುದು.