ಒಂದು ಕಿವಿ ಕೇಳದವರಿಗೆ ಮೂಳೆ ತೋರಿಸಿದ ದಾರಿ

ಅರಳಿಕಟ್ಟೆ ಮೇಲೆ ಕೂರುವಾಗ ಕೆಲವರು ಯಾವಾಗಲೂ ಒಂದೇ ಮೂಲೆ ಹಿಡಿಯುತ್ತಾರೆ. ಹಟ ಅಂದುಕೊಳ್ಳುತ್ತೇವೆ. ಅವರಿಗೆ ಒಂದು ಕಿವಿ ಪೂರ್ತಿ ಕೇಳಿಸದೇ ಇರಬಹುದು; ಕೇಳುವ ಕಿವಿ ನಮ್ಮ ಕಡೆ ಇರಲಿ ಎಂದೇ ಆ ಜಾಗ. ಚಿಕ್ಕಂದಿನಲ್ಲಿ ಬಂದ ಮಂಗನಬಾವಿನಿಂದಲೂ ಹೀಗೆ ಒಂದು ಕಿವಿ ಹೋಗುವುದುಂಟು. 'ಇನ್ನೊಂದು ಇದೆಯಲ್ಲ, ಸಾಕು ಬಿಡು' ಎನ್ನುತ್ತೇವೆ. ರಸ್ತೆ ದಾಟುವಾಗ ಹಾರ್ನ್ ಯಾವ ಕಡೆಯಿಂದ ಬಂತೆಂದು ತಿಳಿಯದೆ ನಿಂತವರಿಗೇ ಅದರ ಕಷ್ಟ ಗೊತ್ತು.

ಎರಡೂ ಕಿವಿ ಬೆರಳಿನಿಂದ ಮುಚ್ಚಿಕೊಂಡು ಹುರಿಗಡಲೆ ಅಗಿದು ನೋಡಿ. ಸದ್ದು ಇನ್ನೂ ಜೋರಾಗಿ ಕೇಳುತ್ತದೆ. ಅದು ಮೂಳೆಯ ಮೂಲಕ ನೇರವಾಗಿ ಒಳಗಿವಿಗೆ ಹೋಗುವ ಸದ್ದು. 1879ರಲ್ಲಿ ಶಿಕಾಗೋದ ರಿಚರ್ಡ್ ರೋಡ್ಸ್ ಇದನ್ನೇ ನಂಬಿ, ಹಲ್ಲಿನಲ್ಲಿ ಕಚ್ಚಿಕೊಂಡು ಕೇಳುವ ಬೀಸಣಿಗೆಯೊಂದಕ್ಕೆ ಪೇಟೆಂಟ್ ಪಡೆದಿದ್ದ. ಅದನ್ನು ಕಚ್ಚಿಕೊಂಡೇ ಮಾತಾಡುವುದು ಹೇಗೋ!

ನಿಜವಾದ ತಿರುವು ಸಿಕ್ಕಿದ್ದು ಮೊಲದ ಕಾಲಿನಲ್ಲಿ. 1950ರ ದಶಕದಲ್ಲಿ ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಮೂಳೆಯೊಳಗಿನ ರಕ್ತ ಸಂಚಾರ ನೋಡಲು ಮೊಲದ ಕಾಲಿಗೆ ಟೈಟಾನಿಯಂ ಲೋಹದ ಪುಟ್ಟ ಸಾಧನ ಕೂರಿಸಿದರು. ಕೆಲಸ ಮುಗಿದ ಮೇಲೆ ತೆಗೆಯಹೋದರೆ ಅದು ಬರಲೇ ಇಲ್ಲ. ಮೂಳೆ ಅದನ್ನು ತನ್ನದೇ ಭಾಗವೆಂಬಂತೆ ಹಿಡಿದುಕೊಂಡಿತ್ತು. 1965ರಲ್ಲಿ ಈ ಗುಣ ಬಳಸಿ ಮನುಷ್ಯರ ದವಡೆಗೆ ಹಲ್ಲು ಕೂರಿಸಿದರು. 1977ರಲ್ಲಿ ಗೋಥೆನ್‌ಬರ್ಗ್‌ನ ವೈದ್ಯ ಆಂಡರ್ಸ್ ಷೆಲ್‌ಸ್ಟ್ರೋಮ್ ಕಿವಿಯ ಹಿಂದಿನ ಮೂಳೆಗೆ ಅಂಥದೇ ತಿರುಪು ಹಾಕಿ ಶ್ರವಣಯಂತ್ರ ಜೋಡಿಸಿದರು. ಯಂತ್ರದ ಕಡೆಯ ಕೆಲಸ ಬೋ ಹೋಕನ್ಸನ್ ಎಂಬ ಎಂಜಿನಿಯರರದು. ಸದಾ ಕಿವಿ ಸೋರುವವರು, ಹುಟ್ಟಿನಿಂದ ಕಿವಿಯ ರಂಧ್ರವೇ ಇಲ್ಲದವರು, ಅಂದರೆ ಮಾಮೂಲಿ ಯಂತ್ರ ಕಿವಿಗೆ ಹಾಕಿಕೊಳ್ಳಲಾಗದವರಿಗೆ ಇದು ವರವಾಯಿತು.

ಒಂದೇ ಕಿವಿ ಹೋದವರ ಸರದಿ ಬಂದದ್ದು ತಡವಾಗಿ. 1965ರಷ್ಟು ಹಿಂದೆಯೇ ಅವರಿಗೆ 'ಕ್ರಾಸ್' ಎಂಬ ಯಂತ್ರ ಬಂದಿತ್ತು: ಕೇಳದ ಕಡೆ ಮೈಕು, ಕೇಳುವ ಕಿವಿಗೆ ಸದ್ದು. ಅದೇ ಕೆಲಸವನ್ನು ತಲೆಬುರುಡೆಯೇ ಮಾಡಬಲ್ಲದು. ಒಂದು ಪಕ್ಕ ಮೂಳೆ ಅದುರಿಸಿದರೆ ಆ ಅದುರು ಆಚೆ ಪಕ್ಕದ ಒಳ್ಳೆಯ ಒಳಗಿವಿಗೂ ತಲುಪುತ್ತದೆ. 2002ರಲ್ಲಿ ಅಮೆರಿಕದ ಎಫ್‌ಡಿಎ ಈ ಬಳಕೆಗೆ ಒಪ್ಪಿಗೆ ಕೊಟ್ಟಿತು.

ಹಳೆಯ ತಿರುಪಿನ ತೊಂದರೆ ಎಂದರೆ ಅದರ ತುದಿ ಚರ್ಮದಿಂದ ಹೊರಗೆ ಚಾಚಿರುತ್ತದೆ. ದಿನಾ ತೊಳೆಯಬೇಕು, ಇಲ್ಲದಿದ್ದರೆ ಕೀವು ಕಟ್ಟಬಹುದು. ಹೊಲದ ಧೂಳು, ಬೆವರಿನ ನಡುವೆ ಇದು ಸಣ್ಣ ಮಾತಲ್ಲ. ಆದ್ದರಿಂದ ಚರ್ಮದ ಒಳಗೊಂದು, ಹೊರಗೊಂದು ಅಯಸ್ಕಾಂತ ಇಡುವ ಸಾಧನಗಳು ಬಂದವು. 2013ರ 'ಬಾಹಾ ಅಟ್ರಾಕ್ಟ್' ಅಂಥದ್ದು. ಗಾಯದ ಕಾಟ ಕಡಿಮೆ, ಆದರೆ ನಡುವಿನ ಚರ್ಮ ಸದ್ದಿನ ಒಂದಷ್ಟು ಪಾಲು ನುಂಗುತ್ತದೆ, ಅದರಲ್ಲೂ ಸಕಾರ ಶಕಾರದಂಥ ಚೂಪು ಸದ್ದುಗಳನ್ನು. ಅದಕ್ಕೆ ಪರಿಹಾರವಾಗಿ ಅದುರುವ ಭಾಗವನ್ನೇ ಚರ್ಮದ ಕೆಳಗೆ ಇಟ್ಟರು: 2012ರಲ್ಲಿ ಯುರೋಪಿಗೆ ಬಂದ 'ಬೋನ್‌ಬ್ರಿಡ್ಜ್', ಆಮೇಲೆ 'ಓಸಿಯಾ'. ನಮಗೆ ಹೆಚ್ಚು ಮೆಚ್ಚುಗೆ ಇವುಗಳದೇ. ಆದರೂ ಒಳಗೆ ಅಯಸ್ಕಾಂತ ಇರುವುದರಿಂದ ಮುಂದೆ ಎಂಆರ್‌ಐ ಮಾಡಿಸುವಾಗ ನಿಯಮಗಳಿವೆ. ಮೊದಲೇ ಕೇಳಿಕೊಳ್ಳಿ.

ಮಾರುವವರು ಒತ್ತಿ ಹೇಳದ ಮಾತೊಂದಿದೆ. ಇವು ಯಾವುವೂ ಹೋದ ಕಿವಿಯನ್ನು ಎಬ್ಬಿಸುವುದಿಲ್ಲ. ಕೇಳುವುದು ಒಂದೇ ಕಿವಿ, ಹಾಗಾಗಿ ಹಾರ್ನ್ ಯಾವ ಕಡೆಯದು ಎಂಬುದು ಮುಂಚಿನಷ್ಟೇ ಕಷ್ಟ. ಹೋದ ಕಿವಿಗೇ ಸದ್ದು ಮುಟ್ಟಿಸಲು ಹೊರಡುವುದು ಕಾಕ್ಲಿಯರ್ ಇಂಪ್ಲಾಂಟ್. ಒಂದೇ ಕಿವಿ ಹೋದವರಿಗೆ ಅಮೆರಿಕ ಅದನ್ನು ಒಪ್ಪಿದ್ದು 2019ರಲ್ಲಿ. ಅದಕ್ಕೆ ಕಿವಿಯ ನರ ಜೀವಂತ ಇರಬೇಕು.

ಆಪರೇಷನ್‌ಗೆ ಮುಂಚೆ ಇದೇ ಯಂತ್ರವನ್ನು ತಲೆಪಟ್ಟಿಗೆ ಸಿಕ್ಕಿಸಿ ಹಾಕಿಕೊಂಡು ನೋಡಬಹುದು. ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಪಟ್ಟಿ ಕಟ್ಟಿಕೊಂಡು ಸಾಧ್ಯವಾದರೆ ಸಂತೆಗೆ ಹೋಗಿ ಬನ್ನಿ, ಮದುವೆ ಊಟಕ್ಕೆ ಕೂತು ನೋಡಿ, ಪಕ್ಕದವರ ಮಾತು ಹಿಡಿಯಿತೇ ಎಂದು. ದುಡ್ಡಿನ ಮಾತು ಆಮೇಲೆ.